ಕಾರ್ಡ್ ಬರೆದವರ ಪುರುಸೊತ್ತು

ನಿದ್ದೆ ಬರದೆ 1972ರ ಹಾರರ್ ಸಿನಿಮಾ 'ಟೇಲ್ಸ್ ಫ್ರಮ್ ದಿ ಕ್ರಿಪ್ಟ್' ಹಾಕ್ಕೊಂಡು ಕೂತೆ. 1950ರ ದಶಕದ ಅಮೆರಿಕದ ಇಸಿ ಕಾಮಿಕ್ಸ್ ಕತೆಗಳನ್ನ ಇಂಗ್ಲೆಂಡಿನ ಆಮಿಕಸ್ ಕಂಪನಿಯವರು ಸಿನಿಮಾ ಮಾಡಿದ್ದು, ನಿರ್ದೇಶನ ಫ್ರೆಡ್ಡಿ ಫ್ರಾನ್ಸಿಸ್. ಐದು ಕತೆ, ಒಂದೆರಡು ಅಷ್ಟಕ್ಕಷ್ಟೆ. ಒಂದು ಕತೇಲಿ ಗಂಡನ್ನ ಕೊಂದ ಹೆಂಡತಿಯಾಗಿ ನಟಿ ಜೋನ್ ಕಾಲಿನ್ಸ್, ಹೊರಗೆ ಸಾಂಟಾ ವೇಷದ ಕೊಲೆಗಡುಕ, ಪೊಲೀಸರಿಗೆ ಫೋನ್ ಮಾಡೋ ಹಾಗೂ ಇಲ್ಲ! ಅದು ಮಸ್ತ್.

ಆದರೆ ಮನಸ್ಸಲ್ಲಿ ಕೂತಿದ್ದು ಇನ್ನೊಂದು ಕತೆಯ ನಟ ಪೀಟರ್ ಕುಶಿಂಗ್. ಅಕ್ಕಪಕ್ಕದ ಮಕ್ಕಳಿಗೆ ಆಟಿಕೆ ಕೊಡೋ ಬಡ ಮುದುಕ ಗ್ರಿಮ್ಸ್‌ಡೈಕ್, ತೀರಿಹೋದ ಹೆಂಡತಿ ಹೆಲೆನ್ ಜೊತೆ ಒಬ್ಬನೇ ಕೂತು ಮಾತಾಡ್ತಾನೆ. ಎದುರು ಮನೆ ಶ್ರೀಮಂತರಿಗೆ ಅವನನ್ನ ಕಂಡರಾಗಲ್ಲ. ವ್ಯಾಲೆಂಟೈನ್ ದಿನ ಆ ಮನೆಯಿಂದಲೇ ರಾಶಿ ಕಾರ್ಡು ಬರುತ್ತೆ. ಆಸೆಯಿಂದ ಒಂದೊಂದೇ ಬಿಚ್ಚಿ ಓದ್ತಾನೆ, ಎಲ್ಲದರಲ್ಲೂ ಚುಚ್ಚುಮಾತಿನ ಪದ್ಯ. ಆ ಮುಖ ಇಳಿಯೋದನ್ನ ನೋಡೋಕಾಗಲ್ಲ. ಆ ನೋವಲ್ಲೇ ಮುದುಕ ಜೀವ ಬಿಡ್ತಾನೆ. ಕುಶಿಂಗ್ ಅವರ ಸ್ವಂತ ಹೆಂಡತಿ ತೀರಿಕೊಂಡಿದ್ದು 1971ರ ಜನವರಿಯಲ್ಲಿ, ಅವರ ಹೆಸರೂ ಹೆಲೆನ್. ನಟನೆ ಎಲ್ಲಿ ಮುಗೀತೋ ಏನೋ.

ಅಷ್ಟೊಂದು ಪದ್ಯ ಪ್ರಾಸ ಕೂಡಿಸಿ ಬರೆಯೋಕೆ ಎಷ್ಟು ಪುರುಸೊತ್ತು ಬೇಕಪ್ಪಾ! ಕೇಡು ಬಯಸೋರಿಗೆ ಟೈಮ್ ಹೇಗೋ ಸಿಕ್ಕೇ ಸಿಗುತ್ತೆ.

ವರ್ಷ ಕಳೆದ ಮೇಲೆ ಮುದುಕ ಗೋರಿಯಿಂದ ಎದ್ದು ಬರ್ತಾನೆ. ಹೆದರಬೇಕಿತ್ತು. ನಾನೋ, 'ಬಾ ತಾತ, ಬೇಗ ಬಾ' ಅಂತಿದ್ದೆ.