ವಠಾರದ ದೊಡ್ಡ ಮಕ್ಕಳು

ಮೆಕ್ಸಿಕೋದ ‘ಎಲ್ ಚಾವೊ ದೆಲ್ ಓಚೊ’ ಹಾಸ್ಯ ಸರಣಿಯನ್ನು ನೋಡುವಾಗ ನನ್ನನ್ನು ಮೊದಲು ಬೆರಗುಗೊಳಿಸಿದ್ದು, ವಠಾರದ ಅಂಗಳದಲ್ಲಿ ಜಗಳವಾಡಿ ಅಳುವ ಮಕ್ಕಳ ಪಾತ್ರಗಳನ್ನೆಲ್ಲ ವಯಸ್ಕರೇ ನಿರ್ವಹಿಸಿದ್ದಾರೆಂಬ ಸಂಗತಿ. 1929ರಲ್ಲಿ ಹುಟ್ಟಿದ ರೊಬೆರ್ತೊ ಗೋಮೆಸ್ ಬೊಲಾನ್ಯೋಸ್ ಅವರು 1970ರ ದಶಕದ ಆರಂಭದಲ್ಲಿ ಪೀಪಾಯಿಯೊಳಗೆ ಅಡಗುವ ಅನಾಥ ಹುಡುಗನಾದಾಗ ನಲವತ್ತು ದಾಟಿದ್ದರು. ಕಂತುಗಳನ್ನು ಬರೆಯುತ್ತಿದ್ದವರೂ ಅವರೇ.

ಹೆಸರಿನಲ್ಲಿರುವ ‘ಓಚೊ’, ಅಂದರೆ ‘ಎಂಟು’, ಮೂಲತಃ ಪ್ರಸಾರ ಮಾಡುತ್ತಿದ್ದ 8ನೆಯ ಚಾನೆಲ್ಲಿನ ಸಂಖ್ಯೆ. ಕಾರ್ಯಕ್ರಮ ಬೇರೆ ಚಾನೆಲ್ಲಿಗೆ ಹೋದ ಮೇಲೆ, ಹುಡುಗನ ಮನೆಯ ಸಂಖ್ಯೆಯೇ ಎಂಟು ಎಂದು ಕಥೆಯೊಳಗೆ ಸಮಜಾಯಿಷಿ ನೀಡಲಾಯಿತು. ಆ ಮನೆಯನ್ನು ನಮಗೆ ತೋರಿಸದೇ ಇದ್ದದ್ದು ಜಾಣತನವೆಂದೇ ನನ್ನ ಭಾವನೆ.

ವಠಾರದ ಇನ್ನೊಬ್ಬ ಹುಡುಗ ಕೀಕೊನ ಪಾತ್ರದ ಕಾರ್ಲೋಸ್ ವಿಯಾಗ್ರಾನ್ ಮಾತಿನುದ್ದಕ್ಕೂ ಕೆನ್ನೆಗಳನ್ನು ಉಬ್ಬಿಸಿಯೇ ಇರುತ್ತಾರೆ. ಕನ್ನಡಿಯೆದುರು ಎರಡು ನಿಮಿಷ ಪ್ರಯತ್ನಿಸಿದ ನನಗೆ ದವಡೆ ನೋವು ಬಂದಿತು. ಬಾಡಿಗೆ ವಸೂಲಿಗೆ ಬಂದು ಪ್ರತಿಸಲವೂ ಹೊಡೆತ ತಿನ್ನುವ ಮಾಲೀಕನೂ ಅವನ ಶಾಲಾಬಾಲಕ ಮಗನೂ ಒಬ್ಬರೇ, ವೈದ್ಯಕೀಯ ಓದಿದ್ದ ಎದ್ಗಾರ್ ವಿವಾರ್. ಹೀಗಾಗಿ ಅಪ್ಪ, ಮಗ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸುವುದು ಸುಲಭವಿರಲಿಲ್ಲ.