ಬಿ.ಕಾಂ. ಆದವಳು ಎರಡು ವರ್ಷದ ಕಾಲೇಜಿಗೆ ಏಕೆ ಸೇರಿದೆ?

ಶಿಕಾಗೋ ಸುತ್ತಮುತ್ತಲಿನ ಕನ್ನಡಿಗರ ಮನೆಗಳಲ್ಲಾಗಲಿ, ಊರಿನಿಂದ ಬರುವ ಫೋನಿನಲ್ಲಾಗಲಿ ಈ ಪ್ರಶ್ನೆಯನ್ನು ಕೇಳದವರಿಲ್ಲ. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಇಲಿನಾಯ್‌ಗೆ ಬಂದ ನಾನು ಇಲ್ಲಿನ ಕಮ್ಯುನಿಟಿ ಕಾಲೇಜೊಂದರಲ್ಲಿ ರೇಡಿಯಾಗ್ರಫಿಯಲ್ಲಿ ಅಸೋಸಿಯೇಟ್ ಎಂಬ ಎರಡು ವರ್ಷದ ಪದವಿ ಪಡೆದು, ಈಗ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದೇನೆ. "ಡಿಗ್ರಿ ಇತ್ತಲ್ಲ, ಎಂ.ಎಸ್. ಮಾಡಬಹುದಿತ್ತಲ್ಲ" ಎನ್ನುವವರಿಗೆಲ್ಲ ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ. ನಾನು ಎಂ.ಎಸ್. ಸಿಗದೆ ಅಲ್ಲಿಗೆ ಹೋದವಳಲ್ಲ. ನಾನು ಬಯಸಿದ ಕೆಲಸಕ್ಕೆ ದಾರಿ ಇದ್ದದ್ದೇ ಅಲ್ಲಿ.

ಇಲ್ಲಿ ರೇಡಿಯಾಗ್ರಫರ್‌ಗಳನ್ನು ಪರೀಕ್ಷಿಸಿ ನೋಂದಾಯಿಸುವ ಎ.ಆರ್.ಆರ್.ಟಿ. ಸಂಸ್ಥೆಯು 2015ರಿಂದ ಕನಿಷ್ಠ ಅಸೋಸಿಯೇಟ್ ಪದವಿಯನ್ನು ಕಡ್ಡಾಯ ಮಾಡಿದೆ. ಅದರ ಜೊತೆಗೆ, ತಾನು ಒಪ್ಪಿದ ಕಡೆ ರೇಡಿಯಾಗ್ರಫಿಯನ್ನೇ ಕಲಿತಿರಬೇಕೆಂದೂ ಕೇಳುತ್ತದೆ. ನನ್ನ ಬಿ.ಕಾಂ.ನಲ್ಲಿ ಲೆಕ್ಕಶಾಸ್ತ್ರವಿತ್ತು, ವಾಣಿಜ್ಯ ಕಾನೂನಿತ್ತು; ಭುಜದ ಕೀಲು ಯಾವ ಕೋನದಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಎಂಬುದಿರಲಿಲ್ಲ. ಅಮೆರಿಕದ ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳಲ್ಲಿ ಅತ್ಯಂತ ಹಳೆಯದಾದ ಜೋಲಿಯೆಟ್ ಕಾಲೇಜು 1901ರಲ್ಲಿ ಆರಂಭವಾದದ್ದು ಇದೇ ರಾಜ್ಯದಲ್ಲಿ. ನಾವು ಕಟ್ಟುವ ಆಸ್ತಿ ತೆರಿಗೆಯ ಒಂದು ಪಾಲು ಇಂಥ ಕಾಲೇಜುಗಳಿಗೇ ಹೋಗುತ್ತದೆ, ಆಯಾ ಜಿಲ್ಲೆಯ ನಿವಾಸಿಗಳಿಗೆ ಶುಲ್ಕವೂ ಕಡಿಮೆ. ನಮ್ಮ ದುಡ್ಡಿನಿಂದಲೇ ನಡೆಯುವ ಕಾಲೇಜಿಗೆ ಹೋಗಲು ನಾಚಿಕೆ ಏಕಿರಬೇಕೆಂಬುದು ನನಗಿನ್ನೂ ಅರ್ಥವಾಗಿಲ್ಲ.

ಆದರೆ ನನ್ನನ್ನು ನಿಜವಾಗಿ ಕೆರಳಿಸಿದ್ದು ಒಂದು ಯುಗಾದಿ ಊಟದ ಪಂಕ್ತಿಯಲ್ಲಿ ಎದುರಿಗೆ ಕುಳಿತಿದ್ದ ಹಿರಿಯರೊಬ್ಬರ ಮಾತು. "ಗುಂಡಿ ಒತ್ತೋದಕ್ಕೆ ಅದೇನಮ್ಮ ಎರಡು ವರ್ಷ ಓದೋದು?" ಎಂದು ಅವರು ಕೇಳಿದಾಗ ಅಕ್ಕಪಕ್ಕದವರೆಲ್ಲ ನಕ್ಕರು. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವರು ಕೂಡ ನಿಂತು ನಕ್ಕರು. ವಯಸ್ಸಿಗೆ ಮರ್ಯಾದೆ ಕೊಟ್ಟು ಅಂದು ಸುಮ್ಮನಿದ್ದೆ. ಇಂದು ಸುಮ್ಮನಿರುವುದಿಲ್ಲ.

ಸ್ವಾಮಿ, ಮೊದಲನೆಯದಾಗಿ ಅದು ಎರಡು ವರ್ಷವೂ ಅಲ್ಲ. ಅರ್ಜಿ ಹಾಕುವ ಮೊದಲೇ ಅನಾಟಮಿ, ಫಿಸಿಯಾಲಜಿ, ಗಣಿತ ಮುಗಿಸಿ ಒಳ್ಳೆಯ ಗ್ರೇಡ್ ತೆಗೆಯಬೇಕು, ಏಕೆಂದರೆ ಆಸ್ಪತ್ರೆಗಳಲ್ಲಿ ಎಷ್ಟು ವಿದ್ಯಾರ್ಥಿಗಳಿಗೆ ಜಾಗವಿದೆಯೋ ಅಷ್ಟೇ ಸೀಟುಗಳಿರುತ್ತವೆ. ಸೇರಿದ ಮೇಲೆ ಬೇಸಿಗೆ ರಜೆಯೂ ಇಲ್ಲ. ವಾರದಲ್ಲಿ ಕೆಲವು ದಿನ ತರಗತಿ, ಉಳಿದ ದಿನ ಬೆಳಗಿನ ಜಾವ ಎದ್ದು ಆಸ್ಪತ್ರೆಗೆ ಹೋಗಿ ಸಂಬಳವಿಲ್ಲದ ಕೆಲಸ. ಒಂದೊಂದು ಬಗೆಯ ಎಕ್ಸ್‌ರೇಯಲ್ಲೂ ನಮ್ಮ ಸಾಮರ್ಥ್ಯ ಸಾಬೀತಾಗುವವರೆಗೆ ನೋಂದಾಯಿತ ತಂತ್ರಜ್ಞರು ಪಕ್ಕದಲ್ಲೇ ನಿಂತಿರಬೇಕು. ಚಿತ್ರ ಸರಿ ಬರದೆ ಮತ್ತೊಮ್ಮೆ ತೆಗೆಯಬೇಕಾದರಂತೂ, ನಾವು ಎಷ್ಟೇ ಪಳಗಿದ್ದರೂ, ಅವರಿಲ್ಲದೆ ವಿದ್ಯಾರ್ಥಿ ಮುಟ್ಟುವಂತಿಲ್ಲ, ಏಕೆಂದರೆ ಎರಡನೆಯ ಚಿತ್ರವೆಂದರೆ ರೋಗಿಯ ಮೈಗೆ ಎರಡನೆಯ ಸಲದ ವಿಕಿರಣ. ಇಷ್ಟೆಲ್ಲ ಆದ ಮೇಲೆ ಅಂಕಕ್ಕೆ ಲೆಕ್ಕವಾಗುವ 200 ಪ್ರಶ್ನೆಗಳ ಎ.ಆರ್.ಆರ್.ಟಿ. ಪರೀಕ್ಷೆ. ಮೂರು ವರ್ಷದೊಳಗೆ ಮೂರು ಅವಕಾಶ, ಅಷ್ಟೇ.

ಗುಂಡಿಯ ವಿಷಯಕ್ಕೆ ಬರೋಣ. ಎಲ್ಲರೂ ತೆಗೆಸಿಕೊಂಡಿರುವ ಎದೆಯ ಎಕ್ಸ್‌ರೇಯನ್ನೇ ತೆಗೆದುಕೊಳ್ಳಿ. ರೋಗಿಯನ್ನು ಕಿರಣ ಹೊಮ್ಮುವ ಕೊಳವೆಯಿಂದ ಆರಡಿ ದೂರದಲ್ಲಿ, ಅದಕ್ಕೆ ಬೆನ್ನು ಮಾಡಿ ನಿಲ್ಲಿಸುತ್ತೇವೆ. ಹತ್ತಿರ ನಿಲ್ಲಿಸಿದರೆ, ಇಲ್ಲವೇ ಕೊಳವೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದರೆ, ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಭುಜಗಳನ್ನು ಮುಂದಕ್ಕೆ ಹೊರಳಿಸದಿದ್ದರೆ ಹೆಗಲ ಮೂಳೆಗಳು ಶ್ವಾಸಕೋಶದ ಮೇಲೆ ಬಂದು ಕೂರುತ್ತವೆ. ಉಸಿರನ್ನು ಪೂರ್ತಿ ಎಳೆದು ಹಿಡಿದಿದ್ದಾರೆಯೇ ಎಂಬುದನ್ನು ಚಿತ್ರದಲ್ಲಿ ಹಿಂಬದಿಯ ಹತ್ತು ಪಕ್ಕೆಲುಬುಗಳು ಕಾಣುತ್ತವೆಯೇ ಎಂದು ಎಣಿಸಿ ತಿಳಿಯುತ್ತೇವೆ. ಎಡ ಯಾವುದು, ಬಲ ಯಾವುದು ಎಂದು ತೋರಿಸಲು ಸೀಸದ ಅಕ್ಷರವಿರುವ ಪುಟ್ಟ ಗುರುತೊಂದನ್ನು ಇಡುತ್ತೇವೆ. ನನ್ನ ಗುರುತಿನಲ್ಲಿ ನನ್ನ ಹೆಸರಿನ ಮೊದಲಕ್ಷರಗಳೂ ಇವೆ. ಆ ಚಿತ್ರ ತಪ್ಪಾದರೆ ಯಾರನ್ನು ಕೇಳಬೇಕೆಂಬುದು ಚಿತ್ರದಲ್ಲೇ ಅಚ್ಚಾಗಿರುತ್ತದೆ. ಗುಂಡಿ ಒತ್ತುವುದು ಇದೆಲ್ಲ ಮುಗಿದ ಮೇಲೆ.

"ನಿಮ್ಮ ಕೆಲಸದಲ್ಲಿ ಕಷ್ಟದ್ದು ಯಾವುದು?" ಎಂದು ಯಾರಾದರೂ ಕೇಳಿದ್ದರೆ ನಾನು ಊಟ ಬಿಟ್ಟು ಹೇಳುತ್ತಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದ ಮುದುಕಿಯನ್ನು ಸ್ಟ್ರೆಚರ್ ಮೇಲೆ ತರುತ್ತಾರೆ. ಪಕ್ಕದಿಂದ ತೆಗೆದ ಚಿತ್ರವೂ ಶಸ್ತ್ರಚಿಕಿತ್ಸಕರಿಗೆ ಬೇಕು, ಆದರೆ ನೋವಿರುವ ಕಾಲನ್ನು ತಿರುಗಿಸುವಂತಿಲ್ಲ, ಆಕೆಯನ್ನು ಹೊರಳಿಸುವಂತಿಲ್ಲ. ಆಗ ಸರಿಯಿರುವ ಕಾಲನ್ನು ಮೇಲೆತ್ತಿ ಆಸರೆ ಕೊಟ್ಟು, ನೋವಿರುವ ಕಡೆಯ ಸೊಂಟದ ಹೊರಬದಿಗೆ ಚಿತ್ರ ಹಿಡಿಯುವ ಫಲಕವಾದ ಡಿಟೆಕ್ಟರನ್ನು ತೊಡೆಮೂಳೆಯ ಕುತ್ತಿಗೆಗೆ ಸಮಾನಾಂತರವಾಗಿ ನಿಲ್ಲಿಸಿ, ಎತ್ತಿದ ಕಾಲಿನ ಕೆಳಗಿನಿಂದ ಕಿರಣವನ್ನು ಅಡ್ಡಲಾಗಿ ಹಾಯಿಸುತ್ತೇವೆ. ಆಕೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಬೈಯುತ್ತಿರುತ್ತಾಳೆ, ಕೆಲವೊಮ್ಮೆ ಅಳುತ್ತಿರುತ್ತಾಳೆ. ಏನು ಮಾಡಲಿದ್ದೇನೆಂದು ಮೊದಲು ಹೇಳಬೇಕು, ಆಮೇಲೆ ಮುಟ್ಟಬೇಕು, ಮತ್ತು ಒಂದೇ ಸಲಕ್ಕೆ ಚಿತ್ರ ಬರಬೇಕು. ಅದು ಬಂದಾಗ ಆಗುವ ಸಮಾಧಾನಕ್ಕಾಗಿಯೇ ನಾನು ಈ ಕೆಲಸವನ್ನು ಪ್ರೀತಿಸುತ್ತೇನೆ.

"ಅಂದರೆ ನಮ್ಮ ಕಡೆ ಡಿಪ್ಲೊಮಾ ಇದ್ದ ಹಾಗೆ ತಾನೆ?" ಎಂದು ಮೂಗು ಮುರಿಯುವವರಿಗೂ ಒಂದು ಮಾತು. ಆರೋಗ್ಯ ಕ್ಷೇತ್ರದ ವೃತ್ತಿಗಳ ಬಗೆಗಿನ ಭಾರತದ 2021ರ ಕಾಯ್ದೆಯೇ ಇಂಥ ವೃತ್ತಿಪರರಿಗೆ ಕನಿಷ್ಠ 2,000 ಗಂಟೆಗಳ, ಎರಡರಿಂದ ನಾಲ್ಕು ವರ್ಷಗಳ ಡಿಪ್ಲೊಮಾ ಅಥವಾ ಪದವಿ ಬೇಕೆಂದಿದೆ. ನಿಮ್ಮ ತಾಯಿಯ ಎಕ್ಸ್‌ರೇ ತೆಗೆದವರು ಆ ಡಿಪ್ಲೊಮಾ ಮಾಡಿದವರೇ ಆಗಿದ್ದರೆ ಅವರಿಗೆ ನಮಸ್ಕಾರ ಹೇಳಿ.

ಈ ಪದವಿ ಎಲ್ಲರಿಗೂ ಹೊಂದುತ್ತದೆಂದು ನಾನು ಹೇಳುವುದಿಲ್ಲ. ಹಲವು ಕಾಲೇಜುಗಳು ಇದನ್ನು ಅಪ್ಲೈಡ್ ಸೈನ್ಸ್ ಪದವಿಯಾಗಿ ಕೊಡುತ್ತವೆ. ಅದು ನೇರವಾಗಿ ಕೆಲಸಕ್ಕೆಂದು ರೂಪಿಸಿದ್ದು, ಮುಂದೆ ಬ್ಯಾಚುಲರ್ ಪದವಿಗೆ ಹೋದಾಗ ಕೆಲವು ಕ್ರೆಡಿಟ್‌ಗಳು ಲೆಕ್ಕಕ್ಕೆ ಬಾರದೇ ಹೋಗಬಹುದು. ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿಗೆ ಕೊಡುವ ವೀಸಾದಲ್ಲಿ, ಇರುವ ತಂಗಿಯಂದಿರು ಇನ್ನೊಂದನ್ನು ಗಮನಿಸಬೇಕು. ಆ ವೀಸಾದಲ್ಲಿ ಓದಲು ಅಡ್ಡಿಯಿಲ್ಲ, ಆದರೆ ದುಡಿಯಲು ಉದ್ಯೋಗ ಪರವಾನಗಿ ಬೇಕು, ಅದು ಎಲ್ಲ ಎಚ್-4ನವರಿಗೂ ಸಿಗುವುದಿಲ್ಲ. ನಿಮಗೆ ಸಿಗುತ್ತದೆಯೇ ಎಂದು ವಕೀಲರಲ್ಲಿ ವಿಚಾರಿಸಿ, ಕಾಲೇಜಿನ ರೇಡಿಯಾಗ್ರಫಿ ವಿಭಾಗಕ್ಕೆ ಇಂಥ ಶಿಕ್ಷಣವನ್ನು ಪರಿಶೀಲಿಸುವ ಜೆ.ಆರ್.ಸಿ.ಇ.ಆರ್.ಟಿ. ಸಂಸ್ಥೆಯ ಮಾನ್ಯತೆ ಇದೆಯೇ ಎಂದು ನೋಡಿ, ಆಮೇಲೆ ಅನಾಟಮಿ ತರಗತಿಗೆ ಹೆಸರು ಬರೆಸಿ.