ಹಡಗಿನ ವರ್ಗಾವಣೆಯಲ್ಲಿ ನಾವು

ಏಪ್ರಿಲ್ ಕೊನೆಗೆ ಅಮ್ಮನ ಜೊತೆ ಲಾಸ್ ಏಂಜಲೀಸ್‌ನಿಂದ ವ್ಯಾಂಕೂವರ್‌ಗೆ ಕ್ರೂಸ್ ನೋಡುತ್ತಿದ್ದೇನೆ. ಚಳಿಗಾಲವನ್ನು ಮೆಕ್ಸಿಕೋ ಕಡೆ ಕಳೆದ ಹಡಗುಗಳು ಅಲಾಸ್ಕಾ ಸೀಸನ್‌ಗೆಂದು ಉತ್ತರಕ್ಕೆ ಹೊರಡುವ ಹೊತ್ತು ಅದು. ಹೇಗೂ ಹೋಗಲೇಬೇಕು, ಖಾಲಿ ಯಾಕೆ ಅಂತ ಟಿಕೆಟ್ ಮಾರುತ್ತಾರೆ. ವರ್ಗಾವಣೆಯಾದ ನೌಕರನ ಸಾಮಾನಿನ ಲಾರಿಯಲ್ಲಿ ನಾವೂ ಹತ್ತಿ ಕೂತ ಹಾಗೆ, ಅಲ್ವಾ?

ಬಿಸಿಲು, ಈಜುಕೊಳ ಅನ್ನೋ ಆಸೆ ಬೇಡ. ವಸಂತದಲ್ಲಿ ಈ ಕರಾವಳಿಗೆ ವಾಯವ್ಯದ ಗಾಳಿ ಜೋರು, ಹಡಗು ಅದಕ್ಕೆ ಎದುರಾಗಿಯೇ ಸಾಗಬೇಕು. ಅಮ್ಮ ಸೂಟ್‌ಕೇಸ್‌ಗೆ ಮೊದಲು ತುರುಕಿದ್ದು ಮಂಕಿ ಕ್ಯಾಪ್, ಒಣಶುಂಠಿ.

ದಾರಿಯಲ್ಲಿ ಹಡಗು ನಿಲ್ಲುವ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟೂರ್‌ಗೆ ದುಡ್ಡು ಸುರಿಯೋದು ದಂಡ. ಪಿಯರ್ 39 ಅನ್ನೋ ಹಡಗುಕಟ್ಟೆಯ ಕಡಲಸಿಂಹಗಳನ್ನು ನೋಡಲು ಬಂದರಿನಿಂದ ನಡೆದೇ ಹೋಗಬಹುದು. ನನಗೆ ಆಸೆ ಇರುವುದು ಇನ್ನೊಂದು ನಿಲುಗಡೆ, ಒರೆಗಾನ್ ರಾಜ್ಯದ ಆಸ್ಟೋರಿಯಾ ಊರಿನ ಮೇಲೆ. ಅಲ್ಲಿ 1926ರ ಎತ್ತರದ ಕಂಬವಿದೆ. ಒಳಗಿನ 164 ಮೆಟ್ಟಿಲು ಹತ್ತಿದರೆ ಕೊಲಂಬಿಯಾ ನದಿಯ ನೋಟ. ಆದರೆ ಅದರ ಅಳಿವೆ ಬಹಳ ಅಪಾಯದ್ದು. ಹಡಗನ್ನು ಒಳಗೆ ತರಲು ಆ ನೀರಿನ ದಾರಿ ಬಲ್ಲ ಬೇರೆ ಪೈಲಟ್ ಹತ್ತಬೇಕು. ಅಲೆ ಜಾಸ್ತಿಯಾದರೆ ನಿಲುಗಡೆಯೇ ರದ್ದಾಗಬಹುದು. ಅದಕ್ಕೇ ಅಲ್ಲಿ ಏನನ್ನೂ ಮುಂಗಡ ಬುಕ್ ಮಾಡುತ್ತಿಲ್ಲ.

ಮುಂದಿನ ನಿಲುಗಡೆ ಕೆನಡಾದ ವಿಕ್ಟೋರಿಯಾ. ಅಲ್ಲಿನ ಬುಚಾರ್ಟ್ ತೋಟದಲ್ಲಿ ಆಗ ಟ್ಯುಲಿಪ್ ಕಾಲ. ಆದರೆ ಅದಕ್ಕೂ ಮೊದಲು ಅಮ್ಮನಿಗೆ ಕೆನಡಾ ವೀಸಾ ಆಗಬೇಕು. ನಾಳೆಯೇ ಅರ್ಜಿ ಹಾಕಬೇಕು.